ಬಾಯಾರು ಹೇಳಬೇಕಾಗಿದ್ದ ಮಾತು

ಬಾಯಾರ ಬಲಗೈಯ ನಡುಬೆರಳಿನ ತುದಿ, ಹಂಚಿನ ಮೇಲೆ ತುಸು ಹೆಚ್ಚು ಹೊತ್ತು ಉಳಿದ ರೊಟ್ಟಿಯ ಅಂಚಿನಂತೆ ಗಟ್ಟಿಯಾಗಿ ಕಂದು ಬಣ್ಣಕ್ಕೆ ತಿರುಗಿತ್ತು. ಸೂಜಿಯ ಹಿಂಬದಿ ಒತ್ತಿ ಒತ್ತಿ ಅದರ ಮೇಲೆ ಸಣ್ಣ ಸಣ್ಣ ಕುಳಿಗಳಾಗಿದ್ದವು. ನಾನು ಮೊದಲ ದಿನ ಸೂಜಿ ಚುಚ್ಚಿಕೊಂಡು ಕಣ್ಣೀರು ತಂದಾಗ ಆ ಬೆರಳನ್ನು ನನ್ನ ಕೆನ್ನೆಗೆ ಒತ್ತಿ, “ನೋಡ ತಂಗಿ, ಇದಕ್ಕ ಈಗ ಏನೂ ತಿಳಿಯಾಂಗಿಲ್ಲ. ನಿಂದೂ ಹಿಂಗ ಆಗೂತನಕ ತಡಕೋ” ಎಂದಿದ್ದರು.

ಮಕ್ಕಳೇ, ನೀವು ಯಾರೂ ಅವರನ್ನು ನೋಡಿಲ್ಲ. ನಿಮ್ಮ ಅಜ್ಜನ ಊರು ಚೊಳಚಗುಡ್ಡದ ಆಚೆ, ಹೊಳೆಯ ದಂಡೆಯಲ್ಲಿ. ಊರಿನ ತುದಿಗೆ ಕ್ರೈಸ್ತರ ಓಣಿ ಇತ್ತು. ಎಂಟು ಹತ್ತು ಮನೆ, ಹೆಂಚಿನ ಒಂದು ಪ್ರಾರ್ಥನಾಲಯ, ಅದಕ್ಕೆ ಹೊಂದಿ ಒಂದು ಶಾಲೆ. ಬಾಯಾರು ತಂದೆ ತಾಯಿ ಇಲ್ಲದೆ ಬೋರ್ಡಿಂಗಿನಲ್ಲಿ ಬೆಳೆದವರು. ಆ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದರು. ಶಾಲೆ ಕಲಿಸುವ ಹೆಂಗಸನ್ನು ನಮ್ಮ ಕಡೆ ಬಾಯಿ, ಬಾಯಾರು ಎನ್ನುತ್ತಿದ್ದರು; ಊರಿಗೆಲ್ಲ ಅವರು ಬಾಯಾರೇ. ಬಿಳಿ ಸೀರೆ, ಮೊಣಕೈ ದಾಟಿದ ತೋಳಿನ ಕುಬಸ, ಬರಿ ಹಣೆ. ಸೂಜಿಯನ್ನು ಮಾತ್ರ ಹೆರಳಿನ ಗಂಟಿನಲ್ಲಿ ಸಿಕ್ಕಿಸಿಕೊಂಡಿರುತ್ತಿದ್ದರು. ಅವರು ತಲೆ ತಿರುಗಿಸಿದರೆ ಅದು ಬಿಸಿಲಿಗೆ ಮಿಂಚುತ್ತಿತ್ತು.

ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅವರ ಪಡಸಾಲೆಯಲ್ಲಿ ಕೌದಿ ಹೊಲಿಯಲು ಹೆಂಗಸರು ಕೂಡುತ್ತಿದ್ದರು. ಹಳೆಯ ಇಳಕಲ್ಲ ಸೀರೆ, ಧೋತರ, ಹರಿದ ಕುಬಸ, ಎಲ್ಲವನ್ನೂ ಒಂದರ ಮೇಲೊಂದು ಹಾಸಿ, ನಾಲ್ಕು ಬದಿಗೆ ನಾಲ್ವರು ಕೂತು ತಮ್ಮ ತಮ್ಮ ಬದಿ ಹೊಲಿಯುತ್ತ ಬರಬೇಕು, ಒಂದು ಮೂಲೆ ಮಾತ್ರ ಕೊನೆಗೆ. ಇದು ಎಲ್ಲರ ಮನೆಯಲ್ಲೂ ಇದ್ದ ಕೆಲಸವೇ. ಆದರೆ ಬಾಯಾರ ಮನಸ್ಸಿನಲ್ಲಿ ಬೇರೆಯದಿತ್ತು. “ಹೆಣಮಕ್ಕಳು ಕೌದಿ ಹೊಲದ್ರ ಪುರಸೊತ್ತಿಗಿ ಕುಂತಾರ ಅಂತಾರ. ಗಂಡಸರು ಅದನ್ನ ಹೊಲದಿದ್ರ ಕಾರಖಾನಿ ಅಂತಿದ್ರು. ನಾ ಒಂದು ಹೊಲಿಗಿ ಸಾಲಿ ತಗೀತೇನಿ. ಬಾಗಿಲಿಗಿ ಬೋರ್ಡ್ ಹಾಕಸ್ತೇನಿ. ಕಲತಾಕಿ ಹೆಸರು ಕೌದಿ ಮೂಲಿಯಾಗ ಹೊಲೀಬೇಕು, ಆಕಿ ಗಂಡಂದಲ್ಲ” ಎನ್ನುತ್ತಿದ್ದರು.

ನನ್ನ ಅತ್ತೆಗೆ ನಗು. “ಬಾಯಾರ, ಹೆಸರು ಹೊಲದ್ರ ಅದನ್ನ ಓದೋರು ಯಾರ್ರಿ? ಹಾಸಿಗಿ ಮ್ಯಾಲ ಮಲಗಿದ ಕೂಸು ಓದತೈತೇನ?”

“ಕೂಸು ದೊಡ್ಡದಾದ ಮ್ಯಾಲ ಓದತದ್ರಿ ಅತ್ತಿ. ನಾನ ಕಲಸ್ತೇನಿ ಅದಕ್ಕ.”

ಅದೇ ಶಾಲೆಯಲ್ಲಿ ಒಬ್ಬ ಮಾಸ್ತರು ಇದ್ದರು. ಅವರೂ ಕ್ರೈಸ್ತರು. ತೆಳ್ಳಗಿನ ಮನುಷ್ಯ, ಮಾತಿಗಿಂತ ಕೆಮ್ಮೇ ಹೆಚ್ಚು. ಗುಳೇದಗುಡ್ಡಕ್ಕೆ ಹೋದಾಗಲೆಲ್ಲ ಸೀಮೆಸುಣ್ಣದ ಖಾಲಿ ಡಬ್ಬಿಯ ತುಂಬ ಖಣದ ತುಂಡುಗಳನ್ನು ತಂದು ಪಡಸಾಲೆಯ ಕಟ್ಟೆಯ ಮೇಲೆ ಇಟ್ಟು ನಿಲ್ಲುತ್ತಿದ್ದರು. “ಈ ನೀಲಿದು ಕೆಂಪಿನ ಬಾಜೂಕ ಛಲೋ ಕಾಣತದ್ರಿ” ಎಂದರೆ ಬಾಯಾರು ತಲೆ ಎತ್ತದೆ, “ಮಾಸ್ತರ, ನೀವು ಲೆಕ್ಕಾ ಕಲಸ್ರಿ, ಬಣ್ಣ ನನಗ ಬಿಡ್ರಿ” ಎನ್ನುತ್ತಿದ್ದರು. ಅವರು ಹೋದ ಮೇಲೆ ನೀಲಿ ತುಂಡು ಕೆಂಪಿನ ಪಕ್ಕಕ್ಕೇ ಬರುತ್ತಿತ್ತು. ನಾವೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆವು.

ನಾನು ಚೊಚ್ಚಲ ಬಸುರಿ. ಹುನಗುಂದ ಕಡೆಯ ತವರಿಗೆ ಹೋಗುವ ಮೊದಲು ಕೂಸಿನ ಕೌದಿ ಆಗಬೇಕೆಂದು ಅತ್ತೆ ನನ್ನನ್ನು ಅಲ್ಲಿಗೆ ಕಳಿಸುತ್ತಿದ್ದರು. ಅದೇ ದಿನಗಳಲ್ಲಿ ಪ್ರಾರ್ಥನಾಲಯದಲ್ಲಿ ಬಾಯಾರ ಮತ್ತು ಮಾಸ್ತರ ಮದುವೆಯ ಪ್ರಕಟಣೆ ಓದಲು ಶುರುವಾಯಿತು. ಮೂರು ಭಾನುವಾರ ಸಭೆಯ ಮುಂದೆ ಓದಬೇಕು, ಆಮೇಲೆ ಮದುವೆ. ಪ್ರಕಟಣೆ ಶುರುವಾದ ಮೇಲೆ ಗಂಡು ಹೆಣ್ಣು ಮಾತನಾಡಬಾರದೆಂದು ಅಲ್ಲಿನ ಹಿರಿಯರ ಕಟ್ಟು. ಎರಡು ಭಾನುವಾರ ಓದಿದ್ದಾಯಿತು. ಅಷ್ಟರಲ್ಲಿ ಮಾಸ್ತರಿಗೆ ವರ್ಗದ ಕಾಗದ ಬಂತು. ಸಮುದ್ರದ ಕಡೆಯ ಯಾವುದೋ ಬೋರ್ಡಿಂಗ್ ಶಾಲೆಗೆ.

ಗುರುವಾರ ಮಧ್ಯಾಹ್ನ ನಾನು ಬಾಯಾರ ಮನೆಗೆ ಹೋಗುವಾಗ ಮಾಸ್ತರು ಬೇವಿನ ಗಿಡದ ಕೆಳಗೆ ನಿಂತಿದ್ದರು. ಸುತ್ತ ನೋಡಿ ಮಡಿಚಿದ ಒಂದು ಚೀಟಿ ನನ್ನ ಕೈಗಿಟ್ಟರು. “ಬಾಯಾರ ಕೈಯಾಗ ಕೊಡ್ರಿ, ಮತ್ತ ಯಾರ ಕೈಯಾಗೂ ಬ್ಯಾಡ. ನನ್ನ ಜೋಡಿ ಆ ಊರಿಗಿ ಬರ್ತಾರೇನ ಅಂತ ಕೇಳೇನಿ. ಶನಿವಾರ ಸಂಜಿತನಕ ಹೂಂ ಅಂತರೆ ಇಲ್ಲ ಅಂತರೆ ಒಂದು ಮಾತು ಹೇಳಿ ಕಳಸ್ಲಿ. ಸುಮ್ಮನಿದ್ರ ಇಲ್ಲ ಅಂತ ತಿಳಕೋತೇನಿ” ಎಂದರು. ಪರಗಂಡಸೊಬ್ಬ ನನ್ನೊಡನೆ ಅಷ್ಟು ಮಾತನಾಡಿದ್ದು ಅದೇ ಮೊದಲು. ನಾನು ನೆಲ ನೋಡುತ್ತ ತಲೆಯಾಡಿಸಿದೆ.

ಪಡಸಾಲೆಯಲ್ಲಿ ನನ್ನ ಕೂಸಿನ ಕೌದಿ ಹಾಸಿತ್ತು, ಬಾಣಂತಿ ಕೂಸು ಇಬ್ಬರೂ ಮಲಗುವಷ್ಟು ದೊಡ್ಡದು. ಇನ್ನು ಒಂದು ಮೂಲೆ ಮಾತ್ರ ಬಾಕಿ. ಬಾಯಾರು ಒಳಗೆ ನೀರು ತರಲು ಹೋಗಿದ್ದರು. ನಾನು ಸೆರಗಿನ ಗಂಟಿನಿಂದ ಚೀಟಿ ತೆಗೆದೆ. ಅಷ್ಟರಲ್ಲಿ ಬಾಗಿಲಲ್ಲಿ ಅತ್ತೆಯ ಕೆಮ್ಮು. ಮದುವೆಯಾಗಿ ವರ್ಷ ತುಂಬದ ಸೊಸೆಯ ಕೈಯಲ್ಲಿ ಗಂಡಸಿನ ಅಕ್ಷರ! ಕೈ ತಾನಾಗಿಯೇ ಹೋಗಿ ಚೀಟಿಯನ್ನು ಕೌದಿಯ ಪದರಗಳ ನಡುವೆ ತುರುಕಿತು. ಅತ್ತೆ ಬಂದು ಸರಿಯಾಗಿ ಆ ಮೂಲೆಗೇ ಕುಳಿತರು. “ತಾ ಇಲ್ಲೆ ಸೂಜಿ. ನಿನ್ನ ಕೈಯಾಗ ಬಿಟ್ರ ಕೂಸು ನಡ್ಯಾಕ ಕಲತ ಮ್ಯಾಲ ಕೌದಿ ಮುಗದೀತು” ಎಂದು ಹೊಲಿಯತೊಡಗಿದರು. ನಾನು ಎದುರಿಗೆ ಕುಳಿತು ನೋಡುತ್ತಿದ್ದೆ. ಒಂದೊಂದೇ ಹೊಲಿಗೆ, ಒಂದೊಂದೇ ಹೊಲಿಗೆ.

ನಮ್ಮಲ್ಲಿ ಕೌದಿಯ ಕೊನೆಯ ತುಂಡು ಮುಚ್ಚುವ ಮೊದಲು ಅದರಡಿಗೆ ಒಂದು ಚೂರು ರೊಟ್ಟಿ, ಚಿಟಿಕೆ ಬೆಲ್ಲ ಇಡುತ್ತೇವೆ. ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತೇವೆ. ಹಸಿದ ಕೌದಿಯ ಮೇಲೆ ಕೂಸು ನಿದ್ದೆ ಮಾಡುವುದಿಲ್ಲವಂತೆ. ಒಮ್ಮೆ ಹೊಟ್ಟೆ ತುಂಬಿಸಿದ ಮೇಲೆ ಒಂದು ಹೊಲಿಗೆಯನ್ನೂ ಬಿಚ್ಚುವಂತಿಲ್ಲ, ಬಿಚ್ಚಿದರೆ ಕೂಸಿಗೆ ಕೇಡು. ಅವತ್ತು ರೊಟ್ಟಿ ತಂದಿಟ್ಟವರು ಬಾಯಾರೇ. ಅತ್ತೆ ಕೆಣಕಿದರು: “ನಿಮ್ಮ ದೇವರಿಗಿ ನಮ್ಮ ಜ್ವಾಳದ ರೊಟ್ಟಿ ನಡೀತದೇನ್ರಿ?” ಬಾಯಾರು ನಕ್ಕು, “ಬಿಸಿ ಇದ್ರ ನಡೀತದ್ರಿ. ನಮ್ಮಲ್ಲೂ ರೊಟ್ಟಿ ಮುರದು ಕೊಡ್ತಾರ. ರೊಟ್ಟಿ ಇಟ್ಟಲ್ಲೆ ಕಣ್ಣಿಗಿ ಕಾಣದಾವ ಒಬ್ಬಾವ ಬಂದು ಕೂಡತಾನ” ಎಂದರು. ನನ್ನ ಕಣ್ಣು ಚೀಟಿ ಇದ್ದ ಮೂಲೆಗೆ ಹೋಯಿತು.

ಕತ್ತಲಾಗುವ ಮೊದಲೇ ಅತ್ತೆ ಕೌದಿ ಮಡಿಚಿ ಮನೆಗೆ ಒಯ್ದರು.

ಚೀಟಿ ಹೋದರೇನು, ಬಾಯಿಮಾತಿನಲ್ಲಿ ಹೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾನೂ ನನ್ನನ್ನು ಕೇಳಿಕೊಂಡಿದ್ದೇನೆ. ಹೇಳಿದರೆ ಚೀಟಿ ಎಲ್ಲಿ ಎನ್ನುತ್ತಾರೆ, ಕೌದಿ ಬಿಚ್ಚಬೇಕಾಗುತ್ತದೆ, ಅತ್ತೆಗೆ ತಿಳಿಯುತ್ತದೆ. ಹೊಟ್ಟೆಯಲ್ಲಿ ಕೂಸು. ಶುಕ್ರವಾರ ನೀರಿನ ನೆಪದಲ್ಲಿ ಬಾಯಾರ ಬಾಗಿಲವರೆಗೆ ಹೋದೆ. ಮಂದಿ ಇದ್ದರು. ಶನಿವಾರವೂ ಹೋದೆ. ಬಾಯಾರು ಒಬ್ಬರೇ ಇದ್ದರು. ಹೊಸ ಸೀರೆಗೆ ಅಂಚು ಹಚ್ಚುತ್ತ, “ಏನ ತಂಗಿ, ಏನರೆ ಹೇಳೂದೈತೇನ?” ಎಂದು ಕೇಳಿದರು. ನಾನು “ಏನಿಲ್ರಿ” ಎಂದೆ.

ಮೂರನೆಯ ಭಾನುವಾರ ಪ್ರಕಟಣೆ ಓದಲಿಲ್ಲ. ಮಾಸ್ತರು ಪಾದ್ರಿಗಳಿಗೆ ಬೇಡವೆಂದು ಹೇಳಿದ್ದರಂತೆ, ಕಾರಣ ಹೇಳಲಿಲ್ಲವಂತೆ. ಸೋಮವಾರ ಬಾದಾಮಿಯ ಬಸ್ಸು ಹತ್ತಿ ಹೋದರು. ಮತ್ತೆ ಆ ಊರಿಗೆ ಬರಲಿಲ್ಲ. ಕೆಲವು ವರ್ಷಗಳ ಮೇಲೆ ಆ ಕಡೆಯೇ ಮದುವೆಯಾದರೆಂದೂ, ಆಮೇಲೆ ತೀರಿಕೊಂಡರೆಂದೂ ಸುದ್ದಿ ಬಂತು.

ಅಂದಿನಿಂದ ಬಾಯಾರಿಗೆ ಊರಿನಲ್ಲಿ ಇನ್ನೊಂದು ಹೆಸರು ಅಂಟಿಕೊಂಡಿತು, ಮಾಸ್ತರ ಬಿಟ್ಟುಹೋದ ಬಾಯಿ. ಅಯ್ಯೋ ಪಾಪ ಎಂದೇ ಹಿರಿಯರು ಪ್ರಾರ್ಥನಾಲಯದ ಹಿಂದಿನ ಕೋಣೆಯನ್ನು ಹೊಲಿಗೆ ಶಾಲೆಗೆ ಬಿಟ್ಟುಕೊಟ್ಟರು. ಬಾಯಾರು ಕೋಣೆ ತೆಗೆದುಕೊಂಡರು, ಬೋರ್ಡೂ ಹಾಕಿಸಿದರು. ಗುಳೇದಗುಡ್ಡ, ಬಾದಾಮಿ, ಇಳಕಲ್ಲಿನಿಂದಲೂ ಹೆಂಗಸರು ಬಂದು ಕಲಿತರು. ಎಲ್ಲ ಜಾತಿಯವರೂ ಒಂದೇ ಕೌದಿಯ ಸುತ್ತ ಕೂಡಬೇಕು, ಅದು ಅವರ ಒಂದೇ ಷರತ್ತು. ಮೂಲೆಯಲ್ಲಿ ಹೆಸರು ಹೊಲಿದ ಕೌದಿಗಳು ಹುಬ್ಬಳ್ಳಿಯ ಪ್ರದರ್ಶನಕ್ಕೂ ಹೋದವು. ನನ್ನ ಹೆಸರನ್ನು ನಾನು ಮೊದಲ ಸಲ ಅಷ್ಟು ದೊಡ್ಡದಾಗಿ ಬರೆದದ್ದು ದಾರದಲ್ಲಿ.

ಆದರೆ ಒಂದು ಮಾತಿದೆ. ಮಧ್ಯಾಹ್ನದ ಬಸ್ಸು ಊರ ಹೊರಗೆ ಹಾರ್ನ್ ಬಾರಿಸಿದರೆ ಬಾಯಾರ ಸೂಜಿ ಬಟ್ಟೆಯಿಂದ ಅರ್ಧ ಹೊರಗೆ ಬಂದು ನಿಲ್ಲುತ್ತಿತ್ತು. ಬಸ್ಸು ಮತ್ತೆ ಹೊರಡುವ ಸದ್ದು ಕೇಳುವವರೆಗೆ ಹಾಗೇ. ಯಾರಾದರೂ “ದಾರ ತೀರೀತೇನ್ರಿ?” ಎಂದರೆ, “ಬೆನ್ನು ಹಿಡದೈತಿ” ಎನ್ನುತ್ತಿದ್ದರು. ಎಷ್ಟೋ ವರ್ಷ ನಾನು ಅದನ್ನು ಎದುರಿಗೆ ಕುಳಿತು ನೋಡಿದೆ.

ಮನೆಯಲ್ಲಿ ಆ ಕೌದಿ. ನಿಮ್ಮ ತಂದೆ ಕೂಸಾಗಿದ್ದಾಗ ಅದರ ಮೇಲೆ ಕಾಲು ಬಡಿದರೆ ಮೂಲೆಯಲ್ಲಿ ಕಾಗದ ಸರಸರ ಎನ್ನುತ್ತಿತ್ತು. ಬೇರೆ ಯಾರಿಗೂ ಕೇಳುತ್ತಿರಲಿಲ್ಲ, ನನಗೆ ಒಲೆಯ ಮುಂದೆ ಕುಳಿತರೂ ಕೇಳುತ್ತಿತ್ತು. ಹೊಳೆಯಲ್ಲಿ ಒಗೆದು ಒಗೆದು ಸದ್ದು ಹೋಯಿತು, ಒಂದು ಸಣ್ಣ ಗಂಟು ಉಳಿಯಿತು. ಆ ಮೂಲೆಯನ್ನು ಸದಾ ಕಾಲ ಕಡೆಗೆ ತಿರುಗಿಸಿ ಹಾಸುತ್ತಿದ್ದೆ. ಆದರೂ ಮೂವರು ಮಕ್ಕಳನ್ನು ಮಲಗಿಸುವಾಗಲೂ ಆ ಹಾಸಿಗೆಯಲ್ಲಿ ಇನ್ನೂ ಯಾರೋ ಒಬ್ಬರು ಉತ್ತರಕ್ಕೆ ಕಾಯುತ್ತ ಕುಳಿತಿದ್ದಾರೆ ಎನಿಸುತ್ತಿತ್ತು. ನಿಮ್ಮ ಅಜ್ಜನಿಗೂ ಹೇಳಲಿಲ್ಲ.

ಅತ್ತೆ ಎಂದೋ ಹೋಗಿದ್ದರು. ನಿಮ್ಮ ಅಜ್ಜ ಕೊನೆಗೆ ಮಲಗಿದ್ದು ಅದೇ ಕೌದಿಯ ಮೇಲೆ. ಸತ್ತವರ ಹಾಸಿಗೆ ಮನೆಯಲ್ಲಿ ಇಡಬಾರದು, ಹೊಳೆಗೆ ಬಿಡೆಂದರು ಎಲ್ಲರೂ. ನಾನು ಅದನ್ನು ಕಂಕುಳಲ್ಲಿ ಹಿಡಿದು ಬಾಯಾರ ಹತ್ತಿರ ಹೋದೆ. ಅವರಿಗೆ ಆಗ ಕಣ್ಣು ಮಂಜಾಗಿತ್ತು. ಹೊಲಿಗೆ ಶಾಲೆಯಲ್ಲಿ ಒಬ್ಬರೇ ಕುಳಿತು ಒಂದು ಹಳೆಯ ಧೋತರವನ್ನು ಹರಿಯುತ್ತಿದ್ದರು. ನಾನು ಎಲ್ಲ ಹೇಳಿದೆ. ಒಮ್ಮೆ ಬಾಯಿ ತೆರೆದ ಮೇಲೆ ನಿಲ್ಲಿಸಲು ಬರಲಿಲ್ಲ.

ಅವರು ಕೌದಿಯ ಮೂಲೆಯನ್ನು ತಡವಿದರು. ಆ ಗಟ್ಟಿ ಬೆರಳನ್ನಲ್ಲ, ಕಿರುಬೆರಳನ್ನು ಗಂಟಿನ ಮೇಲೆ ಇಟ್ಟರು.

“ಓದೀದೇನ?”

“ಇಲ್ರಿ ಬಾಯಾರ.”

“ಕೊಡುವಾಗ ಏನಂದಿದ್ದ?”

ಮಾಸ್ತರು ಹೇಳಿದ್ದನ್ನು ಹಾಗೆಯೇ ಹೇಳಿದೆ. ಬಾಯಾರು ಜೋರಾಗಿ ನಕ್ಕರು. “ಸುಮ್ಮನಿದ್ರ ಇಲ್ಲ ಅಂತ ತಿಳಕೋತಾನಂತ! ಹುಚ್ಚ. ನಾ ಯಾವಾಗ ಸುಮ್ಮನಿದ್ದೇನಿ?”

ನಾನು ಕತ್ತರಿ ಹುಡುಕತೊಡಗಿದೆ. “ಬಿಚ್ಚಿ ನೋಡ್ತೀರೇನ್ರಿ?”

“ಬ್ಯಾಡ. ಇನ್ನ ಅದರಾಗ ಏನದ, ಬರೇ ಗಂಟು.” ಕಿರುಬೆರಳನ್ನು ಗಂಟಿನ ಮೇಲಿಂದ ತೆಗೆದರು. “ಕೇಳಿಲ್ಲೆ. ಆ ಚೀಟಿ ನನ್ನ ಕೈಗಿ ಬಂದಿದ್ರ ನಾ ಬರಾಂಗಿಲ್ಲ ಅಂತಿದ್ನಿ. ಅವನ ಹಿಂದ ಹೋಗಿ ಬೋರ್ಡಿಂಗ್ ಮಕ್ಕಳಿಗಿ ಅನ್ನಾ ಬಡಸಾಕ ನನಗ ಮನಸಿರಲಿಲ್ಲ. ನನಗ ಈ ಸಾಲಿ ಬೇಕಾಗಿತ್ತು.”

ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅದು ನನ್ನ ಮುಖದಲ್ಲಿ ಕಾಣಿಸಿರಬೇಕು, ಕಣ್ಣು ಮಂಜಾದರೂ ಅವರಿಗೆ ತಿಳಿಯಿತು.

“ಹಗರ ಆಗಬ್ಯಾಡ ತಂಗಿ. ನಾ ಹೇಳೋ ‘ಇಲ್ಲ’ ಬ್ಯಾರೆ, ನೀ ಹೇಳಿದ ‘ಇಲ್ಲ’ ಬ್ಯಾರೆ. ನಾ ಹೇಳಿದ್ರ ಅಂವಾ ನನ್ನ ಜೋಡಿ ಜಗಳಾ ಮಾಡ್ತಿದ್ದ, ಅಳತಿದ್ದ, ಒಂದು ವೇಳೆ ಇಲ್ಲೇ ಉಳೀತಿದ್ದನೇನೋ, ದೇವರಿಗಿ ಗೊತ್ತು. ಇಷ್ಟ ವರ್ಷ ಮಂದಿ ನನ್ನ ನೋಡಿ ಅಯ್ಯೋ ಅಂದ್ರು. ಆ ಅಯ್ಯೋ ಮ್ಯಾಲ ನನ್ನ ಸಾಲಿ ನಿಂತು ಬಿಟ್ಟಿತು. ನಾ ಬಿಟ್ಟಾಕಿ ಆಗಬೇಕಿತ್ತು. ಬಿಡಿಸಿಕೊಂಡಾಕಿ ಆಗಿ ಕುಂತೆ.”

“ನಾ ಏನ ಮಾಡ್ಲಿ, ಬಾಯಾರ?”

“ಹೇಳು. ಮಂದಿ ಮುಂದ ನಿಂತು ಹೇಳು.”

“ನನಗ ಆಗಾಂಗಿಲ್ರಿ.”

“ಗೊತ್ತೈತಿ” ಎಂದರು. ಬೈಗುಳಕ್ಕಿಂತ ಅದು ಹೆಚ್ಚು ಚುಚ್ಚಿತು. ಕೌದಿಯನ್ನು ತಾವೇ ಇಟ್ಟುಕೊಂಡರು. ನಾನು ಎದ್ದು ಬರುವಾಗ ಮಧ್ಯಾಹ್ನದ ಬಸ್ಸಿನ ಹಾರ್ನ್ ಕೇಳಿಸಿತು. ತಿರುಗಿ ನೋಡಿದೆ. ಅವರ ಕೈ ನಿಂತಿತ್ತು. ಬರಾಂಗಿಲ್ಲ ಅಂತಿದ್ನಿ ಎಂದದ್ದು ಖರೆಯೋ, ನನ್ನ ಸಲುವಾಗಿ ಹೇಳಿದ್ದೋ ಎಂಬ ಅನುಮಾನ ಅಂದಿನಿಂದ ಇವತ್ತಿನವರೆಗೆ ಹೋಗಿಲ್ಲ.

ಮರುವರ್ಷ ನಾನು ತವರಿನಿಂದ ಮರಳುವಾಗ ಅಮೀನಗಡದಲ್ಲಿ ಬಸ್ಸು ನಿಂತಿತು. ಬಾಯಾರಿಗೆಂದು ಕರದಂಟು ಕಟ್ಟಿಸುತ್ತಿದ್ದೆ. ಊರಿನವರೊಬ್ಬರು ಅಲ್ಲೇ ಸಿಕ್ಕು, ಬಾಯಾರು ಬೆಳಗಿನ ಜಾವ ಹೋದರೆಂದು ಹೇಳಿದರು. ಮಣ್ಣು ಕೊಡಲು ಹೋದೆ. ಅವರು ಹೇಳಿಟ್ಟಿದ್ದಂತೆ ಆ ಕೌದಿಯನ್ನೇ ಪೆಟ್ಟಿಗೆಯ ಒಳಗೆ ಹಾಸಿದ್ದರು. ಗಂಟಿದ್ದ ಮೂಲೆ ತಲೆಯ ಕಡೆಗಿತ್ತು. ಯಾಕೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಪ್ರಾರ್ಥನಾಲಯದಲ್ಲಿ ಹಿರಿಯರೊಬ್ಬರು ಎದ್ದು, ನಂಬಿದವನು ಕೈಬಿಟ್ಟರೂ ದೇವರು ಕೈಬಿಡಲಿಲ್ಲ, ಆ ನೋವಿನಲ್ಲೇ ಬಾಯಿಯವರು ನೂರಾರು ಹೆಣ್ಣುಮಕ್ಕಳಿಗೆ ದಾರಿಯಾದರು ಎಂದು ಮಾತನಾಡಿದರು. ಹೆಂಗಸರು ಮೂಗು ಒರೆಸಿಕೊಂಡರು. ಆಮೇಲೆ, “ಬ್ಯಾರೆ ಯಾರರೆ ಎರಡು ಮಾತು ಹೇಳೋರಿದ್ರ ಬರ್ರಿ” ಎಂದರು. ನಾನು ಬೆಂಚು ಹಿಡಿದು ಎದ್ದೆ. ಎಲ್ಲರೂ ತಿರುಗಿ ನೋಡಿದರು. ತಲೆಯ ಮೇಲಿನ ಸೆರಗು ಸರಿಯಿತು. ನಾನು ಅದನ್ನೇ ಎಳೆದುಕೊಳ್ಳುತ್ತ ನಿಂತೆ. ಪಕ್ಕದವಳು, “ಭಾಳ ಹಚ್ಚಿಕೊಂಡಿದ್ಲು, ಪಾಪ” ಎಂದು ಹಿಡಿದು ಕೂಡಿಸಿ ನೀರು ಕೊಟ್ಟಳು. ನಾನು ನೀರು ಕುಡಿದೆ.

ಆ ಸಭೆಯಲ್ಲಿದ್ದವರಲ್ಲಿ ಈಗ ಬಹಳ ಜನ ಉಳಿದಿಲ್ಲ. ನನಗೆ ಎದ್ದು ನಿಂತು ಮಾತನಾಡಲು ಇನ್ನೂ ಬರುವುದಿಲ್ಲ, ಬರೆಯಲು ಬರುತ್ತದೆ. ಅದನ್ನು ಗಟ್ಟಿ ಮಾಡಿಸಿದವರೂ ಬಾಯಾರೇ. ಆ ಊರಿಗೆ ಹೋದರೆ ಯಾರಾದರೂ ನಿಮಗೆ ಮಾಸ್ತರ ಬಿಟ್ಟುಹೋದ ಬಾಯಿಯ ಹೊಲಿಗೆ ಶಾಲೆ ಎಂದು ಕೈ ತೋರಿಸಿದರೆ ಸುಮ್ಮನೆ ಬರಬೇಡಿ. ಅವರನ್ನು ಯಾರೂ ಬಿಟ್ಟುಹೋಗಿರಲಿಲ್ಲ. ಮಾಸ್ತರು ಅವರನ್ನು ಕೇಳಿದ್ದರು, ಸುಮ್ಮನಿದ್ದು ಇಲ್ಲ ಎಂಬ ಉತ್ತರ ಕೊಟ್ಟವಳು ನಮ್ಮ ಅಜ್ಜಿ ಎನ್ನಿ. ನನ್ನ ಹೆಸರು ಹಿಡಿದೇ ಹೇಳಿ.