ನಮ್ಮ ಬಾಗಿಲಿಗೆ ಅಡ್ಡ ನಿಂತವರು

ಅವರ ಬಲಗೈಯ ತೋರುಬೆರಳು ಮಡಚುತ್ತಿರಲಿಲ್ಲ. ಸೂಜಿ ಹಿಡಿದರೂ, ಚಹಾದ ಕಪ್ಪು ಹಿಡಿದರೂ, ಸುಮ್ಮನೆ ಕೈ ಬೀಸಿ ನಡೆದರೂ ಅದೊಂದು ಬೆರಳು ಸೆಟೆದು ಮುಂದೆ ಚಾಚಿರುತ್ತಿತ್ತು. ಹೊಸದಾಗಿ ಊರಿಗೆ ಬಂದ ಸೊಸೆಯಂದಿರು, ನರ್ಸಬಾಯಿ ತಮ್ಮನ್ನೇ ತೋರಿಸಿ ಏನೋ ಅಂದರೆಂದು ಹೆದರುತ್ತಿದ್ದರು. ನಾನು ಸಣ್ಣವಳಿದ್ದಾಗ ಒಮ್ಮೆ ಕೇಳಿಯೇಬಿಟ್ಟೆ. "ಗಂಡ ಬಾಗಲಾ ಹಾಕಿದ. ನಾ ಕೈ ತಗಿಯೂದು ತಡಾ ಆತು" ಅಂದರು, ಹವಾಮಾನದ ಮಾತಾಡಿದಷ್ಟು ಸಲೀಸಾಗಿ. ಆ ಬಾಗಿಲಿನಿಂದಲೇ ಹೊರಬಿದ್ದು, ಎರಡು ವರ್ಷದ ಮಗನನ್ನು ಬಗಲಿಗೆ ಹಾಕಿಕೊಂಡು ಗದಗಿನ ಕಡೆಯಿಂದ ನಮ್ಮೂರ ದವಾಖಾನೆಗೆ ಬಂದವರು ಅವರು.

ಮುಧೋಳ ಮತ್ತು ಮಹಾಲಿಂಗಪುರದ ನಡುವೆ, ಸುತ್ತ ಕಬ್ಬೇ ಕಬ್ಬು ಇರುವ ಊರು ನಮ್ಮದು. ಊರಿಗೆಲ್ಲ ಅದೊಂದೇ ಕ್ರೈಸ್ತರ ಮನೆ. ಎದುರಿಗೆ ಎಲ್ಲರೂ ಅವರನ್ನು 'ಬಾಯಾರ' ಅಂತಲೇ ಕರೆಯುತ್ತಿದ್ದರು. ಅರ್ಧ ಊರು ಅವರ ಕೈಯಲ್ಲಿಯೇ ಹುಟ್ಟಿತ್ತು. ಕೂಸು ಹೊರಬಿದ್ದು ಅತ್ತ ಕೂಡಲೇ, "ಯೇಸಪ್ಪಾ, ಇದನ್ನ ನೋಡ್ಕೋ" ಅನ್ನುವರು. ನನ್ನ ಅಜ್ಜಿ ತಡೆಯದೆ, "ನಮ್ಮ ಬೀರಪ್ಪನ ಹೆಸರೂ ಒಂದ ಸಲ ತಗೋರಿ" ಅಂದರೆ, "ನೀ ತಗೋ ಆಯಿ, ನಾ ಬ್ಯಾಡ ಅಂದೆನೇನು? ನೋಡಾಕ ಇಬ್ಬರಿದ್ರ ಛಲೋನ ಆತು" ಅಂದು ನಗುತ್ತಿದ್ದರು. ಭಾನುವಾರ ಮಾತ್ರ ಬೆಳಗಿನ ಬಸ್ಸಿಗೆ ಮಗನನ್ನು ಕರೆದುಕೊಂಡು ಜಮಖಂಡಿಗೆ ಪ್ರಾರ್ಥನೆಗೆ ಹೋಗುವರು. ಕೆಟ್ಟ ಸಿಟ್ಟಿನ ಹೆಂಗಸು. ಗರ್ಭಿಣಿ ಸೊಸೆಗೆ ಸರಿಯಾಗಿ ಊಟ ಹಾಕದ ಅತ್ತೆಯನ್ನು ಕಟ್ಟೆಯ ಮೇಲೆ ನಿಲ್ಲಿಸಿ ಓಣಿಯೆಲ್ಲ ಕೇಳುವ ಹಾಗೆ ಬೈದದ್ದು ನನಗೆ ನೆನಪಿದೆ.

ಅವರ ಮಗ ಜಮಖಂಡಿಯಲ್ಲಿ ಐಟಿಐ ಓದಿ ಬಂದು ಊರವರ ಪಂಪುಗಳನ್ನು ರಿಪೇರಿ ಮಾಡುತ್ತಿದ್ದ. ನನ್ನ ಅಣ್ಣ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಇಬ್ಬರೂ ಕಾಲುವೆಯಲ್ಲಿ ಕೂಡಿ ಈಜು ಕಲಿತವರು, ಒಂದೇ ತಾಟಿನಲ್ಲಿ ಉಂಡವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ನಡೆದದ್ದನ್ನು ಕೇಳಿದವರೆಲ್ಲ ಹಳೆಯ ಹಗೆ ಇರಬೇಕು ಅಂದುಕೊಳ್ಳುತ್ತಾರೆ. ಹಗೆ ಇರಲಿಲ್ಲ.

ಆಲಮಟ್ಟಿಯ ಹಿನ್ನೀರು ಏರಿ ಬೀಳಗಿ ಕಡೆಯ ಊರುಗಳು ಒಂದೊಂದಾಗಿ ಎದ್ದು ಹೋಗುತ್ತಿದ್ದ ವರ್ಷಗಳವು. ಕಬ್ಬಿನ ಹಂಗಾಮು ಮುಗಿದು ಕೊನೆಯ ಗಾಡಿ ಸಕ್ಕರೆ ಕಾರ್ಖಾನೆಗೆ ಹೊರಟಿತ್ತು. ಕೊನೆಯ ಗಾಡಿಯೆಂದರೆ ಹಬ್ಬ. ಟ್ರ್ಯಾಕ್ಟರಿಗೆ ಹೂವಿನ ಮಾಲೆ, ಹುಡುಗರ ಮುಖಕ್ಕೆಲ್ಲ ಗುಲಾಲು, ಕಿವಿ ಹರಿಯುವಂಥ ಟೇಪಿನ ಹಾಡು. ಅಣ್ಣ ಮುಂಜಾನೆಯಿಂದಲೇ ಕುಡಿದಿದ್ದ. ಮಧ್ಯಾಹ್ನದ ಹೊತ್ತಿಗೆ ಗಾಡಿ ದವಾಖಾನೆಯ ಎದುರಿಗೇ ನಿಂತು ಕುಣಿತ ಶುರುವಾಯಿತು.

ನಾನು ಅವ್ವನ ಜ್ವರಕ್ಕೆ ಗುಳಿಗೆ ಒಯ್ಯಲು ಬಂದು ಮೆಟ್ಟಿಲ ಮೇಲೆ ಕುಳಿತಿದ್ದೆ. ಆಗ ನನಗೆ ಹದಿನೇಳು. ಒಳಗೆ ಕಬ್ಬು ಕಡಿಯಲು ಬಂದವರ ಪೈಕಿ ಒಬ್ಬ ಹೆಂಗಸು ಹೆರಿಗೆಯ ನೋವು ತಿನ್ನುತ್ತಿದ್ದಳು. ಬಾಯಾರು ಅವಳ ಹೊಟ್ಟೆಯ ಮೇಲೆ ಕೊಳವೆ ಇಟ್ಟು ಕಿವಿಗೊಟ್ಟಿದ್ದರು. ಕಿಟಕಿಯಿಂದ ಕೂಗಿದರು: "ಆ ಟೇಪ ಬಂದ ಮಾಡಸ ಹೋಗೋ! ಕೂಸಿನ ಎದಿ ಬಡತ ಕೇಳವಲ್ದು ನನಗ!" ಅಂಗಳದಲ್ಲಿ ಬೋರಿಂಗ್ ಪಂಪು ಬಿಚ್ಚಿ ಕುಳಿತಿದ್ದ ಮಗ ಕೈ ಒರೆಸಿಕೊಂಡು ಎದ್ದು ಹೋದ.

ನಗುತ್ತಲೇ ಹೇಳಿದ. ಅಣ್ಣ ಕೇಳಲಿಲ್ಲ. ಬಾಯಾರ ಮಗ ಕೈ ಹಾಕಿ ಟೇಪಿನ ವಾಯರು ಕಿತ್ತ. ಅಣ್ಣ ಕಪಾಳಕ್ಕೆ ಹೊಡೆದ. ಅವನು ನೂಕಿದ. ಕುಡಿದ ಮೈ, ಅಣ್ಣ ಧೂಳಿನಲ್ಲಿ ಅಂಗಾತ ಬಿದ್ದ. ಸುತ್ತಲಿದ್ದವರು ನಕ್ಕರು. ಅದೇ ನಗು ಕೆಡಿಸಿತು. ಅಣ್ಣ ಎದ್ದು, ಕಬ್ಬಿನ ಹೊರೆಗೆ ಸಿಗಿಸಿದ್ದ ಕಡಿಯುವ ಕತ್ತಿ, ಕೊಯ್ತಾ, ಹಿರಿದು ಒಂದೇ ಒಂದು ಏಟು ಹಾಕಿದ. ಕುತ್ತಿಗೆ ಮತ್ತು ಭುಜದ ನಡುವೆ.

ನಾನು ಚೀರಿದೆ. ಬಾಯಾರು ಹೆರಿಗೆಯ ಕೈಗವಸಿನಲ್ಲಿಯೇ ಓಡಿಬಂದರು. ಮಗನ ಮೇಲೆ ಮೊಣಕಾಲೂರಿ ಎರಡೂ ಅಂಗೈ ಗಾಯಕ್ಕೆ ಒತ್ತಿ ಹಿಡಿದರು. ರಕ್ತ ಬೆರಳ ಸಂದಿಯಿಂದ ಚಿಮ್ಮಿ ಅವರ ಮುಖಕ್ಕೆ ಬಡಿಯುತ್ತಿತ್ತು. "ನನ್ನ ಸೆರಗ ಹರಿ! ಏನ ನೋಡಾಕತ್ತಿ, ಹರಿ!" ಎಂದು ನನಗೆ ಕೂಗಿದರು. ಹರಿದು ಕೊಟ್ಟೆ. ಯಾರೋ ಜೀಪು ತಂದರು. ಮಹಾಲಿಂಗಪುರ ಮುಟ್ಟುವ ಮೊದಲೇ ಆ ಹುಡುಗ ತಾಯಿಯ ತೊಡೆಯ ಮೇಲೆ ಹೋಗಿಬಿಟ್ಟ. ಇತ್ತ ದವಾಖಾನೆಯಲ್ಲಿ ಕಬ್ಬು ಕಡಿಯುವ ಇನ್ನೊಬ್ಬ ಮುದುಕಿಯ ಕೈಯಲ್ಲಿ ಆ ಹೆಂಗಸಿನ ಕೂಸು ಹುಟ್ಟಿತು, ಬದುಕಿತು.

ಅಣ್ಣ ಓಡಿಹೋಗಿದ್ದ. ಮರುದಿನ ಊರು ನಮ್ಮ ಮನೆಯ ಮೇಲೆ ಬಿತ್ತು. ಆ ಹುಡುಗ ಎಲ್ಲರ ಪಂಪು ನಡೆಸಿದವನು, ಎಲ್ಲರಿಗೂ ಬೇಕಾದವನು. ಕೊಡಲಿಯಿಂದ ಬಾಗಿಲು ಒಡೆದರು. ಮೇವಿನ ಬಣವೆಗೆ ಬೆಂಕಿ ಇಟ್ಟರು. ಅದು ಕುರಿಯ ಹಟ್ಟಿಗೆ ಹತ್ತಿಕೊಂಡಿತು. ಒಳಗೆ ಕಟ್ಟಿದ್ದ ಮರಿಗಳು ಒದರಿದ ದನಿ ಇಂದಿಗೂ ನನ್ನ ಕಿವಿಯಿಂದ ಹೋಗಿಲ್ಲ. ಅಪ್ಪನ ತಲೆ ಬಡಿಗೆಯ ಏಟಿಗೆ ಸೀಳಿತು. ಅವ್ವನನ್ನು ಕೂದಲು ಹಿಡಿದು ಅಂಗಳಕ್ಕೆ ಎಳೆದರು. ನಾನು ಒಡೆದ ಬಾಗಿಲಿನ ಹಿಂದೆ ನಿಂತಿದ್ದೆ. "ಹೊರಗ ಎಳೀರಿ ಆ ಹುಡುಗೀನ್ನೂ!" ಎಂದು ಒಬ್ಬ ಕೂಗಿದ.

ಅಷ್ಟರಲ್ಲಿ ಟೆಂಪೋ ಬಂತು. ಪೋಸ್ಟ್‌ಮಾರ್ಟಮ್ಮಿಗೆ ಕೊಯ್ದು ಹೊಲಿದ ಮಗನ ಹೆಣ ಅದರಲ್ಲಿತ್ತು. ಬಾಯಾರು ಕೆಳಗಿಳಿದರು. ಮೈಮೇಲೆ ಹಿಂದಿನ ದಿನದ್ದೇ ಹರಿದ ಸೀರೆ, ರಕ್ತ ಒಣಗಿ ಹಲಗೆಯಾಗಿತ್ತು. ಮಂದಿಯನ್ನು ಮೊಣಕೈಯಿಂದ ತಿವಿಯುತ್ತ ಬಂದು ನಮ್ಮ ಬಾಗಿಲಿಗೆ ಅಡ್ಡ ನಿಂತರು. ಆಗಲೇ ತೂರಿದ್ದ ಒಂದು ಕಲ್ಲು ಅವರ ಹೆಗಲಿಗೆ ಬಡಿಯಿತು. ಕದಲಲಿಲ್ಲ.

"ನಿಮ್ಮ ಮಗನ ಸಲುವಾಗೇ ಮಾಡಾಕತ್ತೇವ್ರಿ ಬಾಯಾರ!"

"ನನ್ನ ಮಗ ನಿಮಗ ಹೇಳ್ಯಾನೇನು? ಅಂವಾ ಟೆಂಪೋದಾಗ ಮಲಗ್ಯಾನ, ಹೋಗಿ ಕೇಳ್ರಿ. ನನಗ ಒಂದ ಹೆಣ ಸಾಕು. ಇನ್ನೊಂದ ಬೇಕಂದ್ರ ನಂದ ತಗೋರಿ."

ಬಾಯಾರು ಒಬ್ಬನ ಕೈಯಿಂದ ಬಡಿಗೆ ಕಸಿದು ಉರಿಯುವ ಬಣವೆಗೆ ಎಸೆದರು. "ನೀರ ತರ್ರಿ, ಹಟ್ಟಿ ಆರಸ್ರಿ!" ಎಂದು ಚೀರಿದರು. ಬೆಂಕಿ ಹಚ್ಚಿದವರೇ ಕೊಡ ಹಿಡಿದು ಓಡಿದರು. ಬಾಯಾರು ಚೀಲ ತರಿಸಿ, ಅಂಗಳದಲ್ಲಿಯೇ ಕುಳಿತು ಅಪ್ಪನ ತಲೆಗೆ ಹೊಲಿಗೆ ಹಾಕಿದರು. ದಾರ ಕತ್ತರಿಸಿ ಎದ್ದು, ಮಗನನ್ನು ಹೂಳಲು ಹೋದರು.

ಇಷ್ಟಕ್ಕೇ ಅವರು ನಮ್ಮನ್ನು ಕ್ಷಮಿಸಿದರೆಂದು ಬರೆದರೆ ಸುಳ್ಳಾಗುತ್ತದೆ. ಅವ್ವ ಕಾಲು ಹಿಡಿಯಲು ಹೋದಾಗ ಕಾಲು ಹಿಂದೆ ಎಳೆದುಕೊಂಡು, "ಇವತ್ತ ಬ್ಯಾಡ ಯಕ್ಕಾ. ನಾ ಇನ್ನೂ ಅಲ್ಲೀತನ ಬಂದಿಲ್ಲ" ಎಂದು ಬಾಗಿಲು ಹಾಕಿಕೊಂಡರು. ಸಂಜೆ ಡ್ಯೂಟಿ ಮುಗಿಸಿ ಹಿತ್ತಲಲ್ಲಿ ಜಾಲಿಯ ಬೊಡ್ಡೆಗಳನ್ನು ಕೊಡಲಿಯಿಂದ ಕಡಿಯುತ್ತಿದ್ದರು. ಒಲೆಗೆ ಬೇಕಾದದ್ದಕ್ಕಿಂತ ಹತ್ತು ಪಟ್ಟು. ಒಂದೊಂದು ಏಟಿಗೆ ಒಂದೊಂದು ಬೈಗುಳ. ಬೈಸಿಕೊಳ್ಳುತ್ತಿದ್ದವನು ನನ್ನ ಅಣ್ಣನಲ್ಲ, ಯೇಸುವೇ. "ಕಣ್ಣ ಮುಚ್ಚಿದ್ದೇನು? ನನಗೊಬ್ಬನ ಮಗ ಇದ್ದ. ನಾನ ಕಳಿಸಿದ್ನೆಲ್ಲೋ ಅವನ್ನ, ನಾನ!" ಓಣಿಯ ಮಂದಿ ತಲೆ ಕೆಟ್ಟಿದೆ ಅಂದರು.

ಕೋರ್ಟಿನಲ್ಲಿ ಕಂಡದ್ದನ್ನು ಕಂಡ ಹಾಗೆಯೇ ಹೇಳಿದರು. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಅಣ್ಣನಿಗೆ ಜೀವಾವಧಿಯಾಯಿತು. ಅಂದು ಕೋರ್ಟಿನ ಹೊರಗೆ ಅವ್ವ ಎದೆ ಬಡಿದುಕೊಂಡು ಅಳುವಾಗ, ಬಾಯಾರು ದೂರದಲ್ಲಿ ಕಂಬಕ್ಕೆ ಆತು ವಾಂತಿ ಮಾಡಿಕೊಳ್ಳುತ್ತಿದ್ದುದನ್ನು ನಾನು ನೋಡಿದೆ.

ನನ್ನ ಹೆಸರು ಆಮೇಲೆ 'ಖೂನಿಯವನ ತಂಗಿ' ಎಂದಾಯಿತು. ಕಾಲೇಜು ಬಿಟ್ಟೆ. ನೋಡಲು ಬಂದ ವರಗಳು ಊರ ಅಗಸೆಬಾಗಿಲಿನಿಂದಲೇ ಹಿಂದಿರುಗಿದವು. ನಳಕ್ಕೆ ಹೋದರೆ ನನ್ನ ಕೊಡ ಒದೆಯುತ್ತಿದ್ದರು. ಹೀಗೆ ಎರಡು ವರ್ಷ ಕಳೆದ ಮೇಲೆ ಒಂದು ಮುಂಜಾನೆ ಬಾಯಾರು ನಮ್ಮ ಅಂಗಳದಲ್ಲಿ ನಿಂತಿದ್ದರು. "ಲೇ ಹುಡುಗಿ, ನನಗ ಚೀಲ ಭಾರ ಆಗಾಕತ್ತೇತಿ. ಬಾ, ಹಿಡಕೋ." ಹಿಡಿದುಕೊಂಡು ಹಿಂದೆ ನಡೆದೆ. ಅಗಸೆಯ ಕಟ್ಟೆಯಲ್ಲಿದ್ದ ಒಬ್ಬ ನನ್ನ ಕಾಲ ಬಳಿ ಉಗುಳಿದ. ಬಾಯಾರು ತಿರುಗಿ ಹೋಗಿ ಅವನ ಕೆನ್ನೆಗೆ ಬಾರಿಸಿದರು. "ನಿನ್ನ ಹೇಂತಿದು ಮುಂದಿನ ತಿಂಗಳ ಹೆರಿಗಿ. ಈ ಕೈನ ಬರಬೇಕು ಅದಕ್ಕ, ನೆನಪಿರಲಿ" ಅಂದರು. ಅಂದಿನಿಂದ ನಾನು ಅವರ ಜೊತೆಯಲ್ಲಿಯೇ ಇದ್ದೆ. ನರ್ಸ್ ತರಬೇತಿಯ ಅರ್ಜಿ ತುಂಬಿಸಿದವರೂ ಅವರೇ.

ಒಂದು ಸಂಜೆ ಕಟ್ಟಿಗೆ ಒಟ್ಟುತ್ತ ಧೈರ್ಯ ಮಾಡಿ ಕೇಳಿದೆ. "ಬಾಯಾರ, ನಮ್ಮನ್ನ ನೋಡಿದ್ರ ನಿಮಗ ಸಿಟ್ಟ ಬರಂಗಿಲ್ರೀ?"

"ಬರತೈತಿ. ಈಗೂ ಬರತೈತಿ." ಕೊಡಲಿ ಕೆಳಗಿಟ್ಟರು. "ಟೇಪ ನಿಂತ ಕೂಡ್ಲೆ ನನಗ ಕೂಸಿನ ಎದಿ ಬಡತ ಕೇಳಿಸ್ತು, ಗೊತ್ತೈತೇನು? ಛಲೋ ಆತು ಅಂದ್ಕೊಂಡೆ. ಆಗ ನೀ ಚೀರಿದಿ." ಕಡಿದ ತುಂಡೊಂದನ್ನು ಎತ್ತಿ ರಾಶಿಗೆ ಒಟ್ಟಿದರು. "ಆ ಸಿಟ್ಟ ನಿಮ್ಮಣ್ಣನ ಮ್ಯಾಲ ಹಾಕಿದ್ರ ಅಂವಾ ಸಾಯತಿದ್ದ. ನಿಮ್ಮವ್ವನ ಮ್ಯಾಲ ಹಾಕಿದ್ರ ಆಕಿ ಸಾಯತಿದ್ಲು. ನನ್ನೊಳಗ ಇಟ್ಕೊಂಡ್ರ ನಾ ಸಾಯತಿದ್ದೆ. ಯೇಸಪ್ಪನ ಮ್ಯಾಲ ಹಾಕಿದೆ. ಅವನ್ನ ಮಂದಿ ಹೊಡದ್ರು, ಮಾರಿಗೆ ಉಗುಳಿದ್ರು, ಮೊಳೆ ಬಡದ್ರು. ತಿರುಗಿ ಒಂದ ಏಟ ಹಾಕಲಿಲ್ಲ ಅಂವಾ. ನಂದೂ ತಡಕೊಂಡ. ಬೈದು ಬೈದು ಒಂದಿನ ನನಗ ಬೈಗುಳ ಮುಗದ್ವು. ನೋಡ್ತೀನಿ, ಅಂವಾ ಎದ್ದ ಹೋಗಿಲ್ಲ, ಅಲ್ಲೇ ಕುಂತಾನ. ಅವತ್ತ ನಿದ್ದಿ ಬಂತವ್ವಾ ನನಗ."

"ಮತ್ತ ಮಗ?"

"ಸಿಗತಾನ." ಬಸ್ಸು ಬರುತ್ತದೆ ಅಂದಷ್ಟು ಖಾತ್ರಿಯಿಂದ ಅಂದರು. "ಅಲ್ಲಿ ಅವಂಗ ಕುತ್ತಿಗಿ ಗಾಯ ಇರೂದಿಲ್ಲ."

ಅಣ್ಣ ಜೈಲು ಸೇರಿದ ಆರನೇ ವರ್ಷಕ್ಕೆ ಬಾಯಾರು, ನನ್ನ ಮತ್ತು ಅವ್ವನ ಜೊತೆ ಬೆಳಗಾವಿಯ ಜೈಲಿಗೆ ತಾವೂ ಬರುವುದಾಗಿ ಹೇಳಿ ಹೊರಟರು. ಸರಳುಗಳ ಆಚೆ ಬಂದು ನಿಂತ ಅಣ್ಣ ಅವರನ್ನು ಕಂಡವನೇ ತಲೆ ತಗ್ಗಿಸಿದ. ಬಾಯಾರು ಹೇಳಿದರು: "ತಮ್ಮಾ, ನೀ ಮಾಡಿದ್ದು ಸಣ್ಣದಲ್ಲ. ಅದನ್ನ ಸಣ್ಣದು ಮಾಡಾಕ ನಾ ಬಂದಿಲ್ಲ. ಆದ್ರ ನಿನ್ನ ಮ್ಯಾಲ ನನಗಿನ್ನ ಏನೂ ಇಲ್ಲ. ಅದನ್ನ ಹೇಳಾಕ ಬಂದೇನಿ." ಅಣ್ಣ ಹಣೆಯನ್ನು ಕಬ್ಬಿಣದ ಸರಳಿಗೆ ಬಡಿದುಕೊಳ್ಳತೊಡಗಿದ. ಒಂದು, ಎರಡು, ಮೂರು. ಚರ್ಮ ಒಡೆದು ರಕ್ತ ಮೂಗಿನ ಮೇಲೆ ಇಳಿಯಿತು. ಕಾವಲಿನವನು ಓಡಿಬರುವಷ್ಟರಲ್ಲಿ ಬಾಯಾರು ಸರಳಿನ ಸಂದಿಯಲ್ಲಿ ಕೈ ತೂರಿಸಿ, ಅವನ ಹಣೆಗೂ ಸರಳಿಗೂ ನಡುವೆ ಅಂಗೈ ಇಟ್ಟರು. ಮುಂದಿನ ಏಟು ಅವರ ಕೈಮೇಲೆಯೇ ಬಿತ್ತು. "ಸಾಕೋ. ರಕ್ತ ನೋಡಿ ನೋಡಿ ಸಾಕಾಗೇತಿ ನನಗ" ಅಂದರು. ಅಣ್ಣ ಆ ಕೈಗೆ ಮುಖ ಒತ್ತಿಕೊಂಡು ಅತ್ತ.

ಅವರು ನಿವೃತ್ತರಾದ ಮೇಲೂ ಊರು ಬಿಡಲಿಲ್ಲ. ನಾನು ರಬಕವಿಯಲ್ಲಿ ಕೆಲಸಕ್ಕಿದ್ದೆ, ವಾರಕ್ಕೊಮ್ಮೆ ಬಂದು ನೋಡುತ್ತಿದ್ದೆ. ಹೊಟ್ಟೆಯ ಗಡ್ಡೆ ಅವರನ್ನು ಒಳಗೊಳಗೇ ತಿಂದಿತು. ನೋವಿಗೆ ಹಲ್ಲು ಕಚ್ಚಿ ಹಾಸಿಗೆಯ ಅಂಚು ಹಿಡಿದಿರುತ್ತಿದ್ದರು, ಆದರೆ ಕಣ್ಣಲ್ಲಿ ಹೆದರಿಕೆ ಇರಲಿಲ್ಲ. "ಇದೂ ಹೆರಿಗಿ ನೋವ ಇದ್ದಂಗ. ಆಚೀಕ ಏನೋ ಐತಿ" ಅಂದರು. ಒಂದು ಮುಂಜಾನೆ, ನಾನು ಗಂಜಿ ಆರಿಸುತ್ತಿದ್ದಾಗ ಹೋದರು. ಮೈ ತೊಳೆದವಳು ನಾನು.

ಅಣ್ಣ ಬಿಡುಗಡೆಯಾಗಿ ಬಂದು ಎರಡು ವರ್ಷವಾಗಿತ್ತು. ಯಾರ ಕೈಗೂ ಸನಿಕೆ ಕೊಡದೆ ಅವನೊಬ್ಬನೇ ಬಾಯಾರ ಮಗನ ಗೋರಿಯ ಪಕ್ಕದಲ್ಲಿ ಕುಣಿ ತೋಡಿದ. ಮೇಲೆ ಎರೆಮಣ್ಣು, ಕೆಳಗೆ ಗಟ್ಟಿ ಗರಸು. ಅಂಗೈ ಬೊಬ್ಬೆ ಒಡೆದು ಸನಿಕೆಯ ಹಿಡಿಕೆ ಕೆಂಪಾಗಿತ್ತು. ಜಮಖಂಡಿಯಿಂದ ಬಂದ ಪಾದ್ರಿಗಳು ಪ್ರಾರ್ಥನೆ ಮುಗಿಸಿ, "ಮನೀಯವ್ರು ಮೊದಲ ಮಣ್ಣ ಹಾಕ್ಬೇಕು. ಮನೀಯವ್ರು ಯಾರದೀರಿ?" ಎಂದು ಕೇಳಿದರು. ಊರಿಗೆ ಊರೇ ಅಲ್ಲಿ ನೆರೆದಿತ್ತು.

ನನ್ನ ಅವ್ವ ಕೋಲೂರಿಕೊಂಡು ಮುಂದೆ ಬಂದಳು. ಅಣ್ಣನ ರಟ್ಟೆ ಹಿಡಿದು ಕುಣಿಯ ಅಂಚಿಗೆ ಎಳೆದುಕೊಂಡಳು.

"ನಾವದೀವ್ರಿ" ಅಂದಳು.