ಕಾರಿನ ಮೇಲೆ ನಾಲ್ಕು ಬಕೆಟ್ ನೀರು

ಆ ಭಾನುವಾರವೂ ನಲ್ಲಿಯಲ್ಲಿ ನೀರು ಬರುವ ಮೊದಲೇ ಅತ್ತೆ ಎದ್ದು ಬಕೆಟ್‌ಗಳನ್ನು ಸಾಲಾಗಿ ಇಟ್ಟಿದ್ದರು. ನಾನು ಹಾಲಿನ ಬೂತಿನ ಕ್ಯೂನಲ್ಲಿ ನಿಂತು ಬಾಟಲಿ ತಂದೆ, ಸ್ಟೌವ್‌ಗೆ ಪಂಪು ಹೊಡೆದೆ, ಮಕ್ಕಳ ತಲೆ ಬಾಚಿದೆ. ಇವರು ಗ್ಯಾಲರಿಯಲ್ಲಿ ಕನ್ನಡಿ ನೇತುಹಾಕಿಕೊಂಡು ಗಡ್ಡ ಹೆರೆಯುತ್ತ ಸೋಪಿನ ನೊರೆಯೊಳಗಿಂದಲೇ ಹೇಳಿದರು: "ಅಮ್ಮಾ, ಇವತ್ತು ದಾದರಿಗೆ ಹೋಗಿ ಕಾರು ನೋಡಿ ಬರುವ." ಬೆಂಡೆಕಾಯಿ ನೋಡಿ ಬರುವ ಎಂಬಂತೆ.

ಇಷ್ಟು ವರ್ಷಗಳ ಮೇಲೆ ಇದು ನೆನಪಾದದ್ದು, ಇವತ್ತು ಮಳೆಗಾಲಕ್ಕೆಂದು ಹಳೆಯ ಕೊಡೆಗಳನ್ನು ಬಿಚ್ಚಿ ಬಿಸಿಲಿಗೆ ಇಟ್ಟಾಗ. ದಪ್ಪ ಬಟ್ಟೆ, ತುಕ್ಕು, ಸ್ವಲ್ಪ ಬೂಷ್ಟು. ಆ ವಾಸನೆ ನಿಮಗೂ ಗೊತ್ತಿರುತ್ತದೆ. ನನಗೆ ಮಾತ್ರ ಅದು ವಿಲಾಯಿತಿ ಕಾರಿನ ತಲೆಯ ಮೇಲಿನ ಬಟ್ಟೆಯ ಮಾಡಿನ ವಾಸನೆ.

ಘಾಟ್ಕೋಪರಿನ ಒಂದು ರೂಮು, ಒಂದು ಕಿಚನ್‌ನಲ್ಲಿ ಐವರಿದ್ದ ನಮಗೆ ಇಂಗ್ಲಿಷರ ಸ್ಪೋರ್ಟ್ಸ್ ಕಾರು ಯಾಕೆ ಎಂದು ನೀವು ಕೇಳಬಹುದು. ಇಡೀ ಬಿಲ್ಡಿಂಗ್ ಕೇಳಿತ್ತು. ಹೊಸ ಕಾರಿಗೆ ಹೆಸರು ಬರೆಸಿದರೆ ಮಗಳ ಮದುವೆಯ ಹೊತ್ತಿಗೆ ಬಂದೀತು ಎನ್ನುವ ಕಾಲ ಅದು. ಸಾಹೇಬರು ಬಿಟ್ಟುಹೋದ, ಮಾಡು ಮಡಚಿಡುವ ಹಳೆಯ ಕಾರುಗಳನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಇವರ ಆಫೀಸಿನಿಂದ ರಿಟೈರ್ ಆಗಿದ್ದ ಸೊರಾಬ್‌ಜಿ ಎಂಬ ಪಾರ್ಸಿ ಮುದುಕರ ಬಳಿ ಅಂಥವು ಎರಡಿದ್ದವು. ಒಂದು ಹಸಿರು, ಒಂದು ಕೆಂಪು. ಅಗ್ಗಕ್ಕೆ ಯಾವುದನ್ನಾದರೂ ಒಯ್ಯಿ ಎಂದಿದ್ದರು. ಅವುಗಳ ಹೆಸರು, ಕುಲ, ಎಂಜಿನ್ನಿನ ಪ್ರತಾಪ ಎಲ್ಲವನ್ನೂ ಇವರು ವಾರವಿಡೀ ವರ್ಣಿಸಿದ್ದರು. ನನ್ನ ತಲೆಯಲ್ಲಿ ಉಳಿದದ್ದು ಇಷ್ಟೆ: ಹಸಿರಿಗೆ ಹಿಂದೆ ಒಬ್ಬರು ಮುದುರಿ ಕೂರುವಷ್ಟು ಜಾಗ ಉಂಟು, ಕೆಂಪಿಗೆ ಎರಡೇ ಸೀಟು.

ಎರಡೇ ಸೀಟು! ಮದುವೆಯಾಗಿ ಏಳು ವರ್ಷವಾಗಿತ್ತು. ಮನೆಯಲ್ಲಿ ಇವರ ಹಾಸಿಗೆ ಗ್ಯಾಲರಿಯಲ್ಲಿ, ನನ್ನದು ಅತ್ತೆ ಮತ್ತು ಮಕ್ಕಳ ನಡುವೆ. ಹಾಗಾದರೆ ಮಕ್ಕಳು ಹೇಗಾದರು ಎಂದು ಕೇಳಬೇಡಿ. ಅತ್ತೆ ಎರಡು ಸಲ ಉಡುಪಿಗೆ ಹೋಗಿ ಬಂದಿದ್ದರು. ಹೊರಗೆ ಹೊರಟರೂ ಲೋಕಲ್‌ನಲ್ಲಿ ನಾನು ಲೇಡೀಸ್ ಡಬ್ಬ, ಇವರು ಜೆಂಟ್ಸ್. ಇಳಿದ ಮೇಲೆ ಜನಜಂಗುಳಿಯಲ್ಲಿ ಗಂಡನನ್ನು ಹುಡುಕಿಕೊಳ್ಳಬೇಕು. ಹೀಗಿರುವಾಗ ಎರಡೇ ಸೀಟಿನ ಕಾರು ನನ್ನ ಕಣ್ಣಿಗೆ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆಯಂತೆ ಕಂಡಿತ್ತು. ಹೇಳುವುದು ಯಾರಿಗೆ? ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳು ಕೇಳಿದ್ದಕ್ಕೆ ಉತ್ತರ ಕೊಡುವುದನ್ನು ಚೆನ್ನಾಗಿ ಕಲಿಸಿದ್ದರು. ಯಾರೂ ಕೇಳದಿದ್ದಾಗ ಬೇಕೆನ್ನುವುದನ್ನು ಕಲಿಸಿರಲಿಲ್ಲ.

ಮಕ್ಕಳನ್ನು ಪಕ್ಕದ ಮನೆಯ ಗಂಗಕ್ಕನ ಬಳಿ ಬಿಟ್ಟೆವು. ಹುಬ್ಬಳ್ಳಿ ಕಡೆಯವರು, ಬಾಯಿ ಜೋರು, ಕಣ್ಣು ಅದಕ್ಕಿಂತ ಜೋರು. "ಮ್ಯಾಲ ಏನೂ ಇಲ್ಲದ ಗಾಡೀಗೆ ನಮ್ಮ ಕಡೆ ಚಕ್ಕಡಿ ಅಂತಾರ್ರೀ," ಎಂದು ಹರಸಿ ಕಳಿಸಿದರು.

ದಾದರಿನಲ್ಲಿ ಸೊರಾಬ್‌ಜಿ ತಮ್ಮ ಕಾಂಪೌಂಡಿನಲ್ಲಿ ಎರಡೂ ಕಾರುಗಳ ಹೊದಿಕೆ ತೆಗೆದು ಮದುಮಗಳ ತಂದೆಯಂತೆ ನಿಂತಿದ್ದರು. ಅತ್ತೆ ಎರಡಕ್ಕೂ ಪ್ರದಕ್ಷಿಣೆ ಬಂದು, ಬಾನೆಟ್ಟಿನ ಮೇಲೆ ಬೆರಳ ಗೆಣ್ಣಿನಿಂದ ಟಣ್ ಟಣ್ ಬಡಿದು, ಸದ್ದು ಕೇಳಿದರು.

"ಮಳೆಗಾಲಕ್ಕೆ ಎಂತ ಮಾಡುವುದು? ಸೋರ್ತದಾ?"

ಇವರು ಹಿಂದಿಯಲ್ಲಿ ಕೇಳಿದರು. ಸೊರಾಬ್‌ಜಿ ಬಟ್ಟೆಯ ಮಾಡನ್ನು ಎಳೆದು ಮುಚ್ಚಿ, "ನೆವರ್!" ಎಂದರು.

"ಹಾಗಾದ್ರೆ ಒಂದು ಬಕೆಟ್ ನೀರು ಕೊಡ್ಲಿ."

ಉಡುಪಿಯ ಸಂತೆಯಲ್ಲಿ ಅತ್ತೆ ನೀರು ತುಂಬಿ ನೋಡದೆ ಒಂದು ಮಡಕೆಯನ್ನೂ ಕೊಂಡವರಲ್ಲ. ಸೊರಾಬ್‌ಜಿ ಎದೆಗೆ ಕೈ ಇಟ್ಟುಕೊಂಡರು. "ಅರೆ ಮಾಜಿ, ಯೇ ಗಾಡಿ ಹೈ, ಮಟ್ಕಾ ನಹೀ!"

"ಮಟ್ಕಾ ಆದ್ರೂ ನೋಡಿಯೇ ತಕೊಳ್ಳುವುದು," ಎಂದು ಅತ್ತೆ ಕನ್ನಡದಲ್ಲೇ ಉತ್ತರ ಕೊಟ್ಟು, ಗಿಡಗಳ ನಲ್ಲಿಯ ಕೆಳಗೆ ಬಕೆಟ್ ಇಟ್ಟರು. "ನೀವಿಬ್ರು ಒಳಗೆ ಕೂತು ಹನಿ ಬೀಳ್ತದಾ ನೋಡಿ."

ಕಾರು ಹತ್ತುವಾಗ ಮೊದಲು ಕೂತು, ಆಮೇಲೆ ಎರಡೂ ಮೊಣಕಾಲು ಜೋಡಿಸಿ ಒಳಗೆ ತರಬೇಕೆಂದು ಸಿಸ್ಟರ್‌ಗಳು ನಮಗೆ ಬೆಂಚಿನ ಮೇಲೆ ಅಭ್ಯಾಸ ಮಾಡಿಸಿದ್ದರು. ಅವರ ಬಳಿ ಕಾರಿರಲಿಲ್ಲ. ನೆಲಕ್ಕೆ ಅಂಟಿದಂತಿದ್ದ ಆ ಹಸಿರು ಕಾರಿಗೆ ನಾನು ಸೀರೆಯುಟ್ಟು, ಹಗ್ಗ ತಪ್ಪಿ ಬಾವಿಗೆ ಬಿದ್ದ ಕೊಡದಂತೆ ಇಳಿದೆ. ಒಂದೇ ಬಕೆಟ್ಟಿಗೆ ಬೈತಲೆಯ ಮೇಲೆ ಹನಿ ಬಿತ್ತು, ಕಾಲಡಿಯಲ್ಲಿ ನೀರು ನಿಂತಿತು, ನನ್ನ ಒಂದು ಚಪ್ಪಲಿ ತೇಲಿತು.

ಆಮೇಲೆ ಕೆಂಪು. ಮೊದಲ ಬಕೆಟ್ಟಿಗೇ ಮೂರು ಕಡೆ ಸೋರಿತು. ಒಂದು ಸೋರಿಕೆ ನೇರ ಇವರ ಮೂಗಿನ ಮೇಲೆ. ಕಿಟಕಿಗಳಿಗಿದ್ದ ಪ್ಲಾಸ್ಟಿಕ್ ಹಳದಿಗಟ್ಟಿ, ಒಳಗೆಲ್ಲ ಅರಸಿನ ಕದಡಿದ ನೀರಿನ ಬೆಳಕು. ಹೊರಗೆ ಸೊರಾಬ್‌ಜಿಯ ಗೋಳು. ಇವರು ನನ್ನ ಕಡೆ ತಿರುಗಿದರು.

"ನಿಂಗೆ ಯಾವ್ದು ಬೇಕು?"

ಕೇಳಿದರಲ್ಲ, ಉತ್ತರ ಕೊಟ್ಟೆ. "ಕೆಂಪು."

"ಸೋರ್ತದಲ್ಲ ಮಾರಾಯ್ತಿ."

"ಸೋರ್ಲಿ."

"ಮತ್ತೆ ಅಮ್ಮ ಎಲ್ಲಿ ಕೂರುವುದು?"

ಅಷ್ಟರಲ್ಲಿ ಹೊರಗಿನಿಂದ ಅತ್ತೆಯ ಕೂಗು: "ಸೋರ್ತದಾ?"

ಇವರ ಅಂಗಿ ಎದೆಗೆ ಅಂಟಿತ್ತು. ಮೂಗಿನ ತುದಿಯ ಹನಿ ನನ್ನ ಕೈಬಳೆಯ ಮೇಲೆ ಬಿತ್ತು. ಅದನ್ನೊಮ್ಮೆ ನೋಡಿ ಕೂಗಿದರು: "ಗೊತ್ತಾಗ್ತಾ ಇಲ್ಲಮ್ಮಾ! ಇನ್ನೊಂದು ಬಕೆಟ್ ಹಾಕು!"

ಇನ್ನೊಂದು ಬಂತು. ಆಗಲೂ ಗೊತ್ತಾಗಲಿಲ್ಲ, ಮತ್ತೊಂದು ಬಂತು. ನಾವು ಆಡಿದ ಮಾತು ದೊಡ್ಡದೇನಲ್ಲ. ನಾನು ಮಾಡುವ ಹಾಗಲಕಾಯಿ ಗೊಜ್ಜು ತನಗೆ ಸೇರುವುದೇ ಇಲ್ಲ, ಏಳು ವರ್ಷದಿಂದ ಸುಮ್ಮನೆ ನುಂಗುತ್ತಿದ್ದೇನೆ ಎಂದರು. ನನಗೂ ಸೇರುವುದಿಲ್ಲ, ನಿಮಗೆ ಪ್ರೀತಿಯೆಂದು ಮಾಡುತ್ತಿದ್ದೆ ಎಂದೆ. ಇಬ್ಬರೂ ಒದ್ದೆ ಮುಖ ಮುಚ್ಚಿಕೊಂಡು ನಕ್ಕೆವು.

ಹೊರಗೆ ಬಂದಾಗ ಅತ್ತೆ ಬಗ್ಗಿ ಕೆಂಪು ಕಾರಿನ ಅಡಿ ನೋಡುತ್ತಿದ್ದರು. ತಳ ತುಕ್ಕು ಹಿಡಿದು ತೂತಾಗಿತ್ತು. ಒಳಗೆ ಹೊಕ್ಕ ನೀರೆಲ್ಲ ಧಾರೆಯಾಗಿ ಇಳಿಯುತ್ತಿತ್ತು.

"ನೀರು ಎರಡಕ್ಕೂ ಬರ್ತದೆ," ಎಂದರು ಅತ್ತೆ ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತ. "ಇದರಲ್ಲಿ ಹೋಗ್ಲಿಕ್ಕೆ ದಾರಿ ಉಂಟು. ಅದು ಕೆರೆ. ಇದನ್ನೇ ತಕೊಳ್ಳಿ."

"ಅಮ್ಮಾ, ಇದ್ರಲ್ಲಿ ನಿಂಗೆ ಸೀಟಿಲ್ಲ."

"ನಂಗೆ ಬಸ್ಸುಂಟು."

ಇಷ್ಟು ವರ್ಷ ಚಾಪೆ ಹಾಸಿ ಮುಚ್ಚಿದ್ದ ತೂತನ್ನು ಮೆಚ್ಚಿ ಕಾರು ಕೊಳ್ಳುವವರನ್ನು ಸೊರಾಬ್‌ಜಿ ಕಂಡಿರಲಿಲ್ಲ. ಮೆಟ್ಟಿಲ ಮೇಲೆ ಕೂತುಬಿಟ್ಟರು.

ಆ ಕಾರು ನಮ್ಮನ್ನು ಹೊತ್ತದ್ದಕ್ಕಿಂತ ನಾವು ಅದನ್ನು ತಳ್ಳಿದ್ದು ಹೆಚ್ಚು. ಆದರೂ ಎಲ್ಲಿ ಕೆಟ್ಟು ನಿಂತರೂ ಅದರೊಳಗೆ ನಾವಿಬ್ಬರೇ. ಕಾರೆಂದರೆ ಮಡಕೆ ಎಂದುಕೊಂಡ ಅತ್ತೆಯ ಕಥೆಯನ್ನು ನೆಂಟರಿಗೆಲ್ಲ ಹೇಳಿ ನಗಿಸುತ್ತಿದ್ದೆ. ಇವತ್ತು ಕೊಡೆ ಮಡಚುತ್ತಿರುವಾಗ ಮಾತ್ರ, ನಗು ಅರ್ಧಕ್ಕೆ ನಿಂತಿತು. ಅಕ್ಕಿ ತೊಳೆದ ನೀರನ್ನೂ ತುಳಸಿಗೆಂದು ತೆಗೆದಿಡುತ್ತಿದ್ದ ಆ ಹೆಂಗಸು, ಹಸಿರಿಗೆ ಒಂದೇ ಬಕೆಟ್ ಸಾಕೆಂದವರು, ಕೆಂಪಿನ ಮೇಲೆ ಕೇಳಿದಷ್ಟೂ, ಅಷ್ಟು ನಿಧಾನವಾಗಿ, ಯಾಕೆ ಹೊಯ್ದರು?

ಆ ಭಾನುವಾರ ಸಂಜೆ ನಾವು ಲೋಕಲ್‌ನಲ್ಲೇ ಮರಳಿದೆವು. ಮೇ ತಿಂಗಳ ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ನನ್ನ ಸೀರೆ, ಇವರ ಅಂಗಿ ಇನ್ನೂ ಹಸಿಹಸಿ. ಗ್ಯಾಲರಿಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ಗಂಗಕ್ಕ ನಮ್ಮಿಬ್ಬರನ್ನು ನೋಡಿದರು, ಹಿಂದೆ ಬರುತ್ತಿದ್ದ ಅತ್ತೆಯ ಒಣ ಸೆರಗನ್ನು ನೋಡಿದರು, ಮತ್ತೆ ಮೊರದ ಕಡೆಗೆ ಬಗ್ಗಿದರು.

"ದಾದರ್‌ದಾಗ ಮಳೀನೂ ಭಾಳ ಶಾಣ್ಯಾ ಆಗೇತಿ ಬಿಡ್ರೀ. ಅತ್ತೀನ್ ಬಿಟ್ಟು ಗಂಡ-ಹೆಂಡ್ತಿ ಮ್ಯಾಲಷ್ಟ ಬಿದ್ದೈತಿ."