ಸೆಂಟರ್ ಹಾಫ್ ಹುಡುಗನಿಗೆ ಹೆಣ್ಣು ಕೊಡಬಹುದೇ?

ನಿಮ್ಮ ಮನೆ ಹುಡುಗಿಗೆ ಗಂಡು ಹುಡುಕುವಾಗ ಜಾತಕ ನೋಡಿದಿರಿ, ಸಂಬಳ ವಿಚಾರಿಸಿದಿರಿ. ಸರಿ. ಹುಡುಗ ಫುಟ್‌ಬಾಲಿನಲ್ಲಿ ಯಾವ ಪೊಸಿಷನ್ ಆಡುತ್ತಾನೆ ಅಂತ ಕೇಳಿದಿರಾ?

ನಗಬೇಡಿ. ನನ್ನ ಮದುವೆ ಆಗಬೇಕೋ ಬೇಡವೋ ಎಂದು ತೀರ್ಮಾನವಾದದ್ದೇ ಅದರ ಮೇಲೆ.

ಕಳೆದ ಭಾನುವಾರ ನಮ್ಮ ಬಂಟ್ವಾಳದ ಮನೆಯಲ್ಲಿ ಟಿವಿ ಎದುರು ಜಗಳ. ಮೊಮ್ಮಗಳು ಶ್ರುತಿ ಒಂದು ಕಡೆ, ಅವಳ ಗಂಡ ಇನ್ನೊಂದು ಕಡೆ. ಯಾವುದೋ ದೇಶದ ಯಾವುದೋ ಮ್ಯಾಚು.

"ಅವನನ್ನು ಅಷ್ಟು ಹಿಂದೆ ಯಾಕೆ ಹಾಕಿದ್ದು? ಆ ಮಿಡ್‌ಫೀಲ್ಡರ್ ಈ ಫಾರ್ಮೇಶನ್‌ಗೆ ಸೂಟೇ ಆಗುದಿಲ್ಲ" ಅಂತ ಇವಳು.

"ಕೋಚ್ ನಿಲ್ಲು ಅಂದ ಕಡೆ ನಿಲ್ಲಬೇಕು. ನಿಂತ್ರೆ ಎಲ್ಲ ಸೂಟ್ ಆಗ್ತದೆ" ಅಂತ ಅವನು.

ಪೇಪರಿನ ಈ ಅಂಕಣ ಬರೆಯಲು ಕೂತಿದ್ದ ನಾನು ಫೋನಿನಿಂದ ತಲೆ ಎತ್ತದೆ ಹೇಳಿದೆ: "ನಿಲ್ಲು ಅಂದ ಕಡೆ ನಿಂತ ಒಬ್ಬ ಮಿಡ್‌ಫೀಲ್ಡರನ್ನು ನಾನು ನೋಡಿದ್ದೇನೆ. ಅರ್ಧ ಮ್ಯಾಚು ನಿಂತ. ಉಳಿದರ್ಧ ನಾನು ಬಿಡಲಿಲ್ಲ."

ಟಿವಿಯ ಸೌಂಡ್ ಆಫ್ ಆಯಿತು. ಮೂಲೆಯ ಈಸಿ ಚೇರಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ ನಮ್ಮವರ ಒಂದು ಕಣ್ಣು ಆನ್ ಆಯಿತು.

ಅರುವತ್ತರ ದಶಕದ ಮಾತು. ನನ್ನ ತವರು ಬೆಳ್ತಂಗಡಿ. ನಮ್ಮ ಕಡೆ ಹೆಣ್ಣು ಕೊಡುವ ವಿಷಯದಲ್ಲಿ ಅಪ್ಪನ ಮಾತು ಅರ್ಧ, ಅಮ್ಮನ ಅಣ್ಣನ ಮಾತು ಪೂರ್ತಿ. ಸೋದರಮಾವ ಹೂಂ ಅಂದರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮವರ ಸಂಬಂಧ ತಂದದ್ದು ಮೂಡಬಿದಿರೆಯ ಭಾವ, ನನ್ನ ಅಕ್ಕನ ಗಂಡ. ಹುಡುಗ ಭಾವನ ದೋಸ್ತಿ. ಎಲ್ಲರಿಗೂ ಒಪ್ಪಿಗೆ. ಮಾವನಿಗೆ ಮಾತ್ರ ಒಂದು ಸಂಶಯ.

"ಧರ್ಮಸ್ಥಳದಲ್ಲಿ ಹೋಟೆಲಲ್ಲಿ ಇದ್ದನಂತೆ, ಬಿಟ್ಟ. ಚಾರ್ಮಾಡಿಯಲ್ಲಿ ಮರದ ಕಂತ್ರಾಟುದಾರರ ಹತ್ರ ಇದ್ದನಂತೆ, ಬಿಟ್ಟ. ಈಗ ಪಾಣೆಮಂಗಳೂರಿನ ಅಕ್ಕಿ ಮಿಲ್ಲಲ್ಲಿ ಲೆಕ್ಕ ಬರೆಯುವ ರೈಟರ್. ಒಂದು ಕಡೆ ನಿಲ್ಲದವನಿಗೆ ಹೆಣ್ಣು ಕೊಡುದು ಹೇಗೆ?"

(ಮಾತೆಲ್ಲ ಆದದ್ದು ತುಳುವಿನಲ್ಲಿ. ನಿಮಗೋಸ್ಕರ ಕನ್ನಡ ಮಾಡಿದ್ದೇನೆ. ಬ್ರಾಕೆಟ್ ಹಾಕುವುದು ಫೋನಿನಲ್ಲಿ ಮೊನ್ನೆಯಷ್ಟೇ ಕಲಿತೆ, ಆದ್ದರಿಂದ ಸ್ವಲ್ಪ ಸಹಿಸಿಕೊಳ್ಳಿ.)

ಭಾವ ಉಪಾಯ ಮಾಡಿದರು. ಹುಡುಗ ಆಡುತ್ತಿದ್ದ ಬಂಟ್ವಾಳದ ಟೀಮು ಮೂಡಬಿದಿರೆಗೆ ಮ್ಯಾಚ್ ಆಡಲು ಬರುವುದಿತ್ತು. ಆಟ ಭಾವನ ಮನೆ ಹಿಂದಿನ ಕೊಯ್ಲಾದ ಗದ್ದೆಯಲ್ಲೇ. "ಹುಡುಗ ಎಷ್ಟು ಸ್ಥಿರ ಅಂತ ನೀವೇ ಬಂದು ನೋಡಿ ಮಾವ" ಅಂದರು. ಅವರಿಗೆ ಆ ಧೈರ್ಯ ಬರಲು ಒಂದು ಕಾರಣವಿತ್ತು.

ಆಗಿನ ಟೀಮು ಹೇಗೆ ಗೊತ್ತುಂಟಾ? ಹಿಂದೆ ಇಬ್ಬರು ಬ್ಯಾಕು, ನಡುವೆ ಮೂವರು ಹಾಫು, ಮುಂದೆ ಐವರು ಫಾರ್ವರ್ಡು. ಹಾಫುಗಳಲ್ಲಿ ನಡುವಿನವ ಸೆಂಟರ್ ಹಾಫ್. ಇಡೀ ಗದ್ದೆ ಅವನದ್ದು. ನಮ್ಮವರು ಅದೇ. ಆದರೆ ಆ ವರ್ಷ ಅವರ ಡ್ರಿಲ್ ಮಾಸ್ಟ್ರು ಮದರಾಸಿಗೆ ಹೋಗಿ ಹೊಸ ಪ್ಲಾನ್ ಕಲಿತು ಬಂದಿದ್ದರು. ಸೆಂಟರ್ ಹಾಫನ್ನು ಹಿಂದಕ್ಕೆ ಎಳೆದು ಇಬ್ಬರು ಬ್ಯಾಕುಗಳ ನಡುವೆ ನಿಲ್ಲಿಸುವುದು. ಗೋಲಿನ ಎದುರು ನಿಲ್ಲು, ಕದಲಬೇಡ.

ಮಾಸ್ಟ್ರಿಗೂ ನಿಲ್ಲುವವ ಬೇಕು, ಮಾವನಿಗೂ ನಿಲ್ಲುವವ ಬೇಕು. ಇನ್ನೇನು ಬೇಕು?

ಮಾವ ಗದ್ದೆಯ ಹುಣಿಯ (ಅಂದರೆ ಬದುವಿನ) ಮೇಲೆ ಕುರ್ಚಿ ಹಾಕಿಸಿ, ಕೊಡೆ ಬಿಡಿಸಿ ಕೂತರು. ನಾನು ಮತ್ತು ಅಕ್ಕ ಬೈಹುಲ್ಲಿನ ರಾಶಿಯ ಹಿಂದೆ. ಆಟ ಶುರುವಾಯಿತು. ನಮ್ಮವರು ನಿಂತರು. ನಿಂತೇ ನಿಂತರು. ಬಾಲು ಬಂದರೆ ಒದ್ದು ದೂರ ಹಾಕುವುದು, ಮತ್ತೆ ನಿಲ್ಲುವುದು. ಕಾಲಡಿಯ ಕೂಳೆ ಕೂಡ ಅವರಿಗಿಂತ ಜಾಸ್ತಿ ಅಲುಗಾಡುತ್ತಿತ್ತು.

ಮಾವನ ಮುಖ ಅರಳಿತು. ಮುಂದೆ ಐವರು ಫಾರ್ವರ್ಡುಗಳು ಸೊಂಟದ ಮೇಲೆ ಕೈ ಇಟ್ಟು ಬಾಲಿಗೆ ಕಾಯುತ್ತಿದ್ದರು. ಬಾಲು ತಂದುಕೊಡುವವರೇ ಇಲ್ಲ. ಮೂಡಬಿದಿರೆಯವರು ಒಂದು ಗೋಲು ಹಾಕಿದರು. ಹುಣಿಯಲ್ಲಿದ್ದವರು ತಮಾಷೆ ಶುರುಮಾಡಿದರು: "ಆ ನಡುವಿನವನಿಗೆ ಒಂದು ಎಮ್ಮೆ ಕಟ್ಟಿ ಮಾರಾಯ್ರೆ, ಗಟ್ಟಿ ಗೂಟ."

ನನಗೆ ಕೇಳಲಾಗಲಿಲ್ಲ. ಯಾಕೆಂದರೆ ಈ ಮನುಷ್ಯನನ್ನು ನಾನು ಮೊದಲು ನೋಡಿದ್ದು ಅಕ್ಕನ ಮದುವೆಯ ಊಟದಲ್ಲಿ, ಸಾರು ಬಡಿಸುವಾಗ. ಆಗ ಬಡಿಸಲಿಕ್ಕೆ ಸಂಬಳದ ಜನ ಇರಲಿಲ್ಲ. ನೆರೆಕರೆಯವರು, ದೋಸ್ತಿಗಳೇ ಪಂಚೆ ಎತ್ತಿ ಕಟ್ಟಿ ಇಳಿಯುವುದು. ಇವರು ಬಕೆಟ್ ಹಿಡಿದು ಯಾವ ಸಾಲಿನ ಯಾವ ಎಲೆಯಲ್ಲಿ ಅನ್ನ ಒಣಗಿದೆ ಅಂತ ದೂರದಿಂದಲೇ ಕಂಡು ಓಡುತ್ತಿದ್ದರು. ಅಂಥವರನ್ನು ಉಗ್ರಾಣದ ಬಾಗಿಲು ಕಾಯಲು ಕೂರಿಸಿದರೆ ಹೇಗೆ?

ಹಾಫ್ ಟೈಮ್ ಆಯಿತು. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡದೆ ಇರಲಾಗುತ್ತದಾ? ಅಕ್ಕ ಬೆಲ್ಲದ ಬಟ್ಟಲು, ನಾನು ನೀರಿನ ಕೊಡ. ಅವರ ಸರದಿ ಬಂದಾಗ ಚೊಂಬು ಕೊಡುತ್ತಾ ಮೆಲ್ಲಗೆ ಹೇಳಿದೆ:

"ನೀವು ಉಗ್ರಾಣ ಕಾಯ್ತಾ ಇರಿ. ಅಲ್ಲಿ ಐದು ಜನ ಬರೀ ಅನ್ನ ಹಾಕಿಕೊಂಡು ಕೂತಿದ್ದಾರೆ. ಸಾರು ಬರ್ಲಿಲ್ಲ."

ಅವರು ನೀರು ಕುಡಿಯಲಿಲ್ಲ. ಮಾವನ ಕೊಡೆಯನ್ನು ನೋಡಿದರು. "ಅವರು ನೋಡ್ತಾ ಇದ್ದಾರೆ" ಅಂದರು.

"ನಾನೂ ನೋಡ್ತಾ ಇದ್ದೇನೆ" ಅಂದೆ.

ಹೇಳಿ ಬೈಹುಲ್ಲಿನ ಹಿಂದೆ ಬಂದ ಮೇಲೆ ಬುದ್ಧಿ ಬಂತು. ಮಾವ ಬೇಡ ಅಂದರೆ ಮುಗಿಯಿತಲ್ಲ! ಅಕ್ಕ ತೊಡೆಗೆ ಚಿವುಟಿದಳು: "ನಿನ್ನ ಬಾಯಿಗೆ ಬೆಂಕಿ ಹಾಕ."

ಸೆಕೆಂಡ್ ಹಾಫು. ಬಾಲು ಸಿಕ್ಕಿದ್ದೇ ತಡ, ನಮ್ಮವರು ಹೊರಟರು. "ನಿಲ್ಲು, ನಿಲ್ಲು" ಅಂತ ಮಾಸ್ಟ್ರು ಸೀಟಿ ಊದಿದರು. ಎಡಕ್ಕೆ ಒಂದು, ಬಲಕ್ಕೆ ಒಂದು, ಹಸಿದವರಿಗೆಲ್ಲ ಬಡಿಸಿದರು. ಗೋಲು ಸಮ ಆಯಿತು. ಗದ್ದೆ ಎದ್ದು ಕುಣಿಯಿತು. ಮಾವನ ಕೊಡೆ ಮಡಚಿಕೊಂಡಿತು.

ಆಟ ಮುಗಿಯುವ ಹೊತ್ತಿಗೆ ಇನ್ನೊಂದು ಸಲ ಇವರು ಮುಂದೆ ಹೋದಾಗ ಬಾಲು ತಪ್ಪಿತು. ಮೂಡಬಿದಿರೆಯ ಹುಡುಗ ಒಬ್ಬನೇ ಬಾಲು ಹಿಡಿದು ಓಡಿದ. ನಡುವೆ ಯಾರೂ ಇಲ್ಲ, ಗೋಲಿನಲ್ಲಿ ಮೋನಾಕ ಮಾತ್ರ. (ಮೋನಾಕ ನಮ್ಮ ಕರಾವಳಿಯ ಬ್ಯಾರಿ ಮುಸ್ಲಿಂ, ಬಂಟ್ವಾಳ ಪೇಟೆಯಲ್ಲಿ ಜವಳಿ ಅಂಗಡಿ. ಗೋಲು ಕಾಯುವಾಗಲೂ ತಲೆಯ ಟೊಪ್ಪಿ ತೆಗೆಯುತ್ತಿರಲಿಲ್ಲ.) ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಇವರು ಅಷ್ಟು ದೂರದಿಂದ ಓಡಿ ಬಂದು, ಜಾರಿ ಬಿದ್ದು, ಬಾಲನ್ನು ಹುಣಿಯ ಆಚೆ ಹಾಕಿದ್ದರು. ಮೈಯೆಲ್ಲ ಮಣ್ಣು.

ಸಂಜೆ ಅಕ್ಕನ ಮನೆ ಜಗಲಿಯಲ್ಲಿ ಪಂಚಾಯಿತಿ. ನಾನು ಬಾಗಿಲ ಮರೆಯಲ್ಲಿ. ಮಾವ ವೀಳ್ಯ ಕಟ್ಟುತ್ತಿದ್ದರು. ಮಾಸ್ಟ್ರು ಸಿಟ್ಟಿನಲ್ಲಿದ್ದರು.

"ಇವ ನನ್ನ ಪ್ಲಾನಿಗೆ ಆಗುವವನೇ ಅಲ್ಲ. ನಿಲ್ಲು ಅಂದ್ರೆ ಓಡ್ತಾನೆ."

ಆಯಿತು, ಕಥೆ ಮುಗಿಯಿತು ಅಂದುಕೊಂಡೆ. ಮಾವ ಮೋನಾಕನ ಕಡೆ ತಿರುಗಿದರು. "ನೀವು ಹೇಳಿ ಬ್ಯಾರಿಗಳೇ. ಹಿಂದೆ ಒಬ್ಬರೇ ನಿಂತದ್ದು ನೀವು. ಇವ ಬಿಟ್ಟು ಹೋದಾಗ ಹೆದರಿಕೆ ಆಗ್ಲಿಲ್ವಾ?"

"ಆಯ್ತು. ಸುಳ್ಳು ಯಾಕೆ ಹೇಳುದು?" ಅಂದ ಮೋನಾಕ. "ಆದ್ರೆ ಹೋದವ ಬರ್ಲಿಲ್ಲ ಅಂತ ಒಂದು ಸಲವೂ ಆಗ್ಲಿಲ್ಲ."

ಮಾವ ವೀಳ್ಯ ಬಾಯಿಗೆ ಹಾಕಿ ಸುಮಾರು ಹೊತ್ತು ಜಗಿದರು. ಆ ಜಗಿತದಷ್ಟು ಉದ್ದದ ಸಮಯವನ್ನು ನಾನು ಮತ್ತೆ ನೋಡಿಲ್ಲ.

"ನಿಂತಲ್ಲೇ ನಿಲ್ಲಲಿಕ್ಕೆ ನಮ್ಮ ಮನೆಯಲ್ಲಿ ಕಂಬ ಉಂಟು" ಅಂದರು. "ಹೋಗ್ಲಿ. ತಿರುಗಿ ಬರ್ತಾನಲ್ಲ, ಅಷ್ಟು ಸಾಕು. ದಿನ ನೋಡುವ."

ಆಮೇಲೆ ಬಾಗಿಲ ಕಡೆ ನೋಡದೆಯೇ, "ಒಂದು ಚೊಂಬು ನೀರು ಕೊಡ್ಲಿಕ್ಕೆ ಅಷ್ಟು ಹೊತ್ತು ಬೇಕಾ ಮಗಾ?" ಅಂದರು. ನಾನು ಅಡುಗೆಮನೆಗೆ ಓಡಿದೆ.

ಮಾಸ್ಟ್ರ ಪ್ಲಾನು ಹಾಳಾಯಿತಾ? ಇಲ್ಲಪ್ಪ. ಓಡುವುದೆಂದರೆ ಆಗದ ಒಬ್ಬ ಪೋಸ್ಟಾಫೀಸಿನ ಗುಮಾಸ್ತರನ್ನು ಹುಡುಕಿ ಅದೇ ಜಾಗದಲ್ಲಿ ನಿಲ್ಲಿಸಿದರು. ಅವರು ಬಹಳ ಚೆನ್ನಾಗಿ ನಿಂತರು. ಪ್ಲಾನೂ ಸರಿ ಇತ್ತು, ನಮ್ಮವರೂ ಸರಿ ಇದ್ದರು. ಒಂದಕ್ಕೆ ಇನ್ನೊಂದನ್ನು ತುರುಕಿದ್ದು ಮಾತ್ರ ಸರಿ ಇರಲಿಲ್ಲ. ನಾವು ಮನೆಯಲ್ಲಿ ಮಾಡುವುದೂ ಇದೇ ಅಲ್ವಾ? ಮಾತಾಡುವ ಸೊಸೆಯನ್ನು ಒಳಗೆ ನಿಲ್ಲಿಸಿ, ಮಾತು ಬಾರದ ಮಗನನ್ನು ಬಂದವರ ಎದುರು ಕೂರಿಸುತ್ತೇವೆ. ಆಮೇಲೆ ಮನೆಯಲ್ಲಿ ಗೋಲೇ ಆಗುವುದಿಲ್ಲ ಅಂತ ದೂರು.

ಕಥೆ ಕೇಳಿ ಶ್ರುತಿ ಗಂಡನ ಕಡೆ ಗೆದ್ದ ನೋಟ ಬೀರಿದಳು. ನಾನು ಈಸಿ ಚೇರಿನ ಕಡೆ ತಿರುಗಿದೆ. "ಏನ್ರೀ, ಇಷ್ಟು ವರ್ಷ ಆಯ್ತು. ನನ್ನ ಫಾರ್ಮೇಶನ್‌ಗೆ ನೀವು ಸೂಟ್ ಆದ್ರೋ ಇಲ್ವೋ, ಪೇಪರಿಗೆ ಎಂಥ ಬರೆಯಲಿ?"

ಅವರು ತೆರೆದಿದ್ದ ಆ ಒಂದು ಕಣ್ಣನ್ನೂ ಮುಚ್ಚಿಕೊಂಡು ಹೇಳಿದರು: "ನಮ್ಮ ಕಾಲದ ಆಟದಲ್ಲಿ ಸಬ್‌ಸ್ಟಿಟ್ಯೂಟ್ ಇರ್ಲಿಲ್ಲ ಮಾರಾಯ್ತಿ. ಇಳಿದವ ಕೊನೆವರೆಗೆ ಆಡ್ಲೇಬೇಕಿತ್ತು."